ಎಫ್‌ಡಿಎಗೆ ಬಡ್ತಿ ಬಂದರೆ ಎಸ್‌ಪಿಗೆ ಸಮಾನನಾ?

ಇಲ್ಲ ಸರ್, ಸೂಪರಿಂಟೆಂಡೆಂಟ್ ಅನ್ನೋ ಹೆಸರೊಂದೇ, ಹುದ್ದೆ ಬೇರೆ. ಮಂಡ್ಯದ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿರುವ ನಿಮ್ಮ ತಂಗಿ ಮುಂದೆ ಸೂಪರಿಂಟೆಂಡೆಂಟ್ ಆದರೆ ಎಸ್‌ಪಿ (ಪೊಲೀಸ್ ಸೂಪರಿಂಟೆಂಡೆಂಟ್) ಮಟ್ಟವಾ, ಆಸ್ಪತ್ರೆ ಸೂಪರಿಂಟೆಂಡೆಂಟ್ ಮಟ್ಟವಾ ಅಂತ ಕೇಳಿದ್ದೀರಿ. ಎಸ್‌ಪಿ ಜಿಲ್ಲೆಯ ಪೊಲೀಸರಿಗೆಲ್ಲ ಮೇಲಧಿಕಾರಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆ ಸೂಪರಿಂಟೆಂಡೆಂಟ್ ಕುರ್ಚಿ ಡಾಕ್ಟರದ್ದು. ಎಫ್‌ಡಿಎ ಬಡ್ತಿಯಲ್ಲಿ ಎರಡಕ್ಕೂ ದಾರಿ ಇಲ್ಲ.

ತಂಗಿಯವರು ಆಗೋದು ಕಚೇರಿ ಅಧೀಕ್ಷಕರು. ಕಂದಾಯ ಇಲಾಖೆಯಲ್ಲಾದರೆ ಶಿರಸ್ತೇದಾರ್ ಅಂತಾರೆ. ವಿಷಯ ನಿರ್ವಾಹಕರು (ಕಡತ ನೋಡಿಕೊಳ್ಳುವ ಗುಮಾಸ್ತರು) ಬರೆದ ಟಿಪ್ಪಣಿ ಮೊದಲು ಬರೋದು ಇವರ ಹತ್ತಿರ. ಅನುಕಂಪದ ನೌಕರಿಯ (ತೀರಿಕೊಂಡ ನೌಕರರ ಮನೆಯವರಿಗೆ ಕೊಡುವ ಕೆಲಸದ) ಕಡತ ಬಂತು ಅಂತಿಟ್ಟುಕೊಳ್ಳಿ. ಮರಣ ಪತ್ರ ಇದೆಯಾ, ಅರ್ಜಿ ಒಂದು ವರ್ಷದೊಳಗೆ ಬಂದಿದೆಯಾ, ಮನೆಯವರ ಒಪ್ಪಿಗೆ ಇದೆಯಾ, ಎಲ್ಲ ನೋಡಬೇಕು. ಒಂದು ಕಾಗದ ಕಮ್ಮಿ ಇದ್ದರೂ ಕಡತ ವಾಪಸ್. ಸಾಹೇಬರು ಸಹಿ ಹಾಕೋದು ಹೆಚ್ಚಾಗಿ ಇವರನ್ನು ನಂಬಿಯೇ. ನನ್ನ ಪ್ರಕಾರ ಕಚೇರಿ ನಡೆಯೋದೇ ಇವರಿಂದ, ಬೈಗುಳವೂ ಇವರಿಗೇ ಜಾಸ್ತಿ ಅನ್ನಿ!

ಕೆಪಿಎಸ್‌ಸಿಯ ಇಲಾಖಾ ಪರೀಕ್ಷೆಗಳನ್ನು ಈಗಲೇ ಬರೆದು ಮುಗಿಸೋಕೆ ಹೇಳಿ. ಸೀನಿಯಾರಿಟಿ ಇದ್ದೂ ಅದೊಂದು ಬಾಕಿ ಅಂತ ಬಡ್ತಿ ನಿಲ್ಲಬಾರದು, ಅಲ್ವಾ?