ಮುಟ್ಟು ಸರಿಯಾದರೆ ಪಿಸಿಓಎಸ್ ಮುಗಿಯಿತಾ?

ಪ್ರಶ್ನೆ: ನನಗೆ 33 ವರ್ಷ. ಇಪ್ಪತ್ತರಲ್ಲಿ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನ್ ಏರುಪೇರಿನಿಂದ ಅಂಡಾಶಯದ ಕೆಲಸ ತಪ್ಪುವ ತೊಂದರೆ) ಇದೆ ಎಂದರು. ಮೂರು ವರ್ಷ ಮಾತ್ರೆ ತೆಗೆದುಕೊಂಡೆ, ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿತ್ತು. ಬಿಟ್ಟ ಮೇಲೆ ಮತ್ತೆ ಅದೇ ಹಾಡು. ಆಮೇಲೆ ಮಗಳು ಹುಟ್ಟಿದಳು, ಇನ್ನೊಂದು ಮಗು ಬೇಡ. ಈಗ ನಾಲ್ಕೈದು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಅದೇ ಆರಾಮ ಅನ್ನಿಸಿದೆ. ಹೀಗೇ ಬಿಟ್ಟರೆ ತೊಂದರೆ ಏನಾದ್ರೂ ಇದೆಯಾ?

ಉತ್ತರ: ಇದೆ. ಅದಕ್ಕೇ ನಿಮ್ಮ ಪತ್ರವನ್ನೇ ಮೊದಲು ಎತ್ತಿಕೊಂಡೆ.

ಪ್ರತಿ ತಿಂಗಳು ಅಂಡಾಣು ಬಿಡುಗಡೆ ಆದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹುಟ್ಟುತ್ತದೆ. ಅದು ಬಂದು ಇಳಿದಾಗ ಗರ್ಭಕೋಶದ ಒಳಪದರ ಕಳಚಿ ಹೊರಗೆ ಹೋಗುತ್ತದೆ, ಅದೇ ಮುಟ್ಟು. ನಿಮ್ಮಲ್ಲಿ ಅಂಡಾಣು ಅಪರೂಪಕ್ಕೆ ಬಿಡುಗಡೆ ಆಗುತ್ತಿದೆ. ಆದರೆ ಒಳಪದರವನ್ನು ಬೆಳೆಸುವ ಈಸ್ಟ್ರೋಜನ್ ಮಾತ್ರ ತನ್ನ ಕೆಲಸ ನಿಲ್ಲಿಸಿಲ್ಲ. ಪದರ ದಪ್ಪ ಆಗುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಅಲ್ಲಿನ ಜೀವಕೋಶಗಳು ದಾರಿ ತಪ್ಪಬಹುದು, ಕೆಲವರಲ್ಲಿ ಅದು ಕ್ಯಾನ್ಸರ್ ತನಕ ಹೋಗುತ್ತದೆ. ನಿಮ್ಮ ವಯಸ್ಸಿನಲ್ಲಿ ಅದು ಬಹಳ ಕಡಿಮೆ, ಹೆದರಿಸಲು ಹೇಳುತ್ತಿಲ್ಲ. ಆದರೆ ತಡೆಯಲು ಇಷ್ಟು ಸುಲಭವಾದ ವಿಷಯವನ್ನು ಸುಮ್ನೆ ಬಿಡುವುದು ಯಾಕೆ?

ಲೆಕ್ಕ ಇಷ್ಟೇ: ಮಾತ್ರೆ ಏನೂ ಇಲ್ಲದೆ 90 ದಿನ ದಾಟಿದರೂ ಮುಟ್ಟಾಗದಿದ್ದರೆ ಡಾಕ್ಟರನ್ನು ನೋಡಬೇಕು. ಮೊದಲು ಗರ್ಭಿಣಿ ಅಲ್ಲ ಅನ್ನುವುದು ಖಾತ್ರಿ ಆಗಲಿ. ಪಿಸಿಓಎಸ್ ಇದೆ ಅಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಅಂತ ನಂಬಿಕೊಂಡು ಕೂತವರು ಎಷ್ಟೋ ಜನ. ಯಾವ ತಿಂಗಳು ಅಂಡಾಣು ಬರುತ್ತದೆ ಅಂತ ಗೊತ್ತಿಲ್ಲದಿರುವುದೇ ಇಲ್ಲಿನ ಅಪಾಯ. ಇನ್ನೊಂದು ಮಗು ಬೇಡ ಅಂದರೆ ಗರ್ಭನಿರೋಧಕ ಬೇಕೇ ಬೇಕು. ಹಾರ್ಮೋನ್ ಇರುವ ಐಯುಡಿ (ಗರ್ಭಕೋಶದೊಳಗೆ ಇಡುವ ಪುಟ್ಟ ಗರ್ಭನಿರೋಧಕ ಸಾಧನ) ಹಾಕಿಸಿಕೊಂಡರೆ ಎರಡೂ ಕೆಲಸ ಆಗುತ್ತದೆ: ಗರ್ಭ ನಿಲ್ಲುವುದಿಲ್ಲ, ಒಳಪದರವೂ ತೆಳ್ಳಗಿರುತ್ತದೆ. ಅದು ಇರುವಾಗ ಮುಟ್ಟು ನಿಂತರೂ ಯೋಚನೆ ಬೇಡ, ಯಾಕೆಂದರೆ ಒಳಗೆ ಪದರ ಕಟ್ಟಿಕೊಳ್ಳುತ್ತಿಲ್ಲ. ಗರ್ಭನಿರೋಧಕ ಮಾತ್ರೆಯೂ ಆಗುತ್ತದೆ, ಆದರೆ ಬಿಪಿ, ಕಣ್ಣು ಮಂಜಾಗಿ ಬರುವ ಮೈಗ್ರೇನ್, ಸಿಗರೇಟು, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇದ್ದರೆ ಮೊದಲೇ ಹೇಳಿಬಿಡಿ.

ಇಪ್ಪತ್ತರಲ್ಲಿ ಬಂದ ಆ 'ಸರಿಯಾದ' ಮುಟ್ಟು ಮಾತ್ರೆ ತರಿಸಿದ ರಕ್ತಸ್ರಾವ. ಅದರಿಂದ ಒಳಪದರಕ್ಕೆ ಒಳ್ಳೆಯದೇ ಆಯಿತು. ಆದರೆ ಮೂಲ ಸಮಸ್ಯೆ ಹಾಗೇ ಉಳಿಯಿತು.

ಆ ಮೂಲ ಬಹಳಷ್ಟು ಮಂದಿಯಲ್ಲಿ ಇನ್ಸುಲಿನ್, ಅಂದರೆ ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಹಾರ್ಮೋನ್. ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ, ಆಗ ಅದು ಜಾಸ್ತಿ ಜಾಸ್ತಿ ತಯಾರಾಗುತ್ತದೆ, ಆ ಜಾಸ್ತಿಯಾದ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ, ಅದರಿಂದ ಮೊಡವೆ, ಗಲ್ಲದ ಮೇಲೆ ಕೂದಲು, ತಪ್ಪುವ ಮುಟ್ಟು. ಕನ್ನಡಿ ಮುಂದೆ ನಿಂತು ಕತ್ತಿನ ಹಿಂಭಾಗ ನೋಡಿಕೊಳ್ಳಿ. ಚರ್ಮ ಮಖಮಲ್ ಬಟ್ಟೆಯಂತೆ ದಪ್ಪಗೆ, ಕಪ್ಪಗೆ ಆಗಿದೆಯಾ? ಎಷ್ಟೋ ಹುಡುಗಿಯರು ಅದನ್ನು ಕೊಳೆ ಅಂತ ತಿಳಿದು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡು ಬರುತ್ತಾರೆ, ನೋಡಿದರೆ ಕರುಳು ಚುರ್ ಅನ್ನುತ್ತದೆ. ಅದು ಕೊಳೆಯಲ್ಲ. ಒಳಗೆ ಇನ್ಸುಲಿನ್ ಜಾಸ್ತಿ ಇದೆ ಅಂತ ಚರ್ಮ ಹೇಳುತ್ತಿದೆ.

ಆದ್ದರಿಂದ ಒಂದರಿಂದ ಮೂರು ವರ್ಷಕ್ಕೊಮ್ಮೆ ಶುಗರ್ ನೋಡಿಸಬೇಕು. ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನಂಬಬೇಡಿ, ಅದು ಸರಿಯಿದ್ದರೂ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ನೋಡಿದಾಗ ಏರಿರುವುದು ಉಂಟು. ಗರ್ಭಿಣಿಯಾಗಿದ್ದಾಗ ಶುಗರ್ ಬಂದಿತ್ತಾ? ನೀವು ಬರೆದಿಲ್ಲ, ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಬಿಪಿ ವರ್ಷಕ್ಕೊಮ್ಮೆ. ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿ, ಮುಂದೆ ಎಷ್ಟು ದಿನಕ್ಕೊಮ್ಮೆ ಅನ್ನುವುದು ಅದರ ಮೇಲೆ ನಿಲ್ಲುತ್ತದೆ. ಗೊರಕೆ ಜೋರಿದ್ದು ಬೆಳಗ್ಗೆ ಎದ್ದಾಗಲೂ ಆಯಾಸ ಇದ್ದರೆ ಅದನ್ನೂ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಪಿಸಿಓಎಸ್ ಇರುವವರಲ್ಲಿ ಜಾಸ್ತಿ. ಮನಸ್ಸು ಕುಗ್ಗುವುದು, ಆತಂಕ ಕಾಡುವುದೂ ಹಾಗೇ. ಅದು ನಿಮ್ಮ ದೌರ್ಬಲ್ಯ ಅಲ್ಲ, ಅದಕ್ಕೂ ಚಿಕಿತ್ಸೆ ಇದೆ.

ಊಟದ ವಿಷಯದಲ್ಲಿ ಪಿಸಿಓಎಸ್‌ಗೇ ಅಂತ ವಿಶೇಷ ಪಥ್ಯ ಯಾವುದೂ ಇಲ್ಲ. ವರ್ಷಗಟ್ಟಲೆ ಬಿಡದೆ ತಿನ್ನಬಹುದಾದ ಊಟವೇ ಒಳ್ಳೆಯ ಪಥ್ಯ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ತೂಕ ಜಾಸ್ತಿ ಇದ್ದರೆ ಅದರಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಅನುಕೂಲ, ಅಂದರೆ 80 ಕಿಲೋ ಇರುವವರಿಗೆ 4 ಕಿಲೋ. ತೂಕ ಇಳಿಯದಿದ್ದರೂ ನಡಿಗೆ ವ್ಯರ್ಥ ಅಲ್ಲ, ಇನ್ಸುಲಿನ್ ಅದರಿಂದಲೇ ಹದಕ್ಕೆ ಬರತೊಡಗುತ್ತದೆ. ಮೆಟ್‌ಫಾರ್ಮಿನ್ (ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ನೆರವಾಗುವ ಮಾತ್ರೆ) ಬರೆದುಕೊಟ್ಟರೆ ಕಡಿಮೆ ಡೋಸ್‌ನಿಂದ, ಊಟದ ಜೊತೆ ಶುರು ಮಾಡಿ, ಹೊಟ್ಟೆ ಕೆಡುವುದು ಕಡಿಮೆ ಆಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಇಳಿಯಬಹುದು, ಅದನ್ನು ನೋಡಿಸುತ್ತಿರಿ.

ಪ್ರಶ್ನೆ: ನನ್ನ ಮಗಳಿಗೆ 14. ಮುಟ್ಟು ಶುರುವಾಗಿ ಒಂದೂವರೆ ವರ್ಷ, 40 ದಿನಕ್ಕೊಮ್ಮೆ ಆಗುತ್ತದೆ. ಸ್ಕ್ಯಾನ್‌ನಲ್ಲಿ ನೀರಿನ ಗುಳ್ಳೆ ಇವೆ, ಪಿಸಿಓಎಸ್ ಎಂದರು. ಮುಂದೆ ಮಕ್ಕಳಾಗುತ್ತವೆಯೇ ಅನ್ನುವ ಚಿಂತೆ ಹತ್ತಿದೆ.

ಉತ್ತರ: ಅಮ್ಮ, ಆ ಚಿಂತೆಯನ್ನು ಮಗಳ ಕಿವಿಗೆ ಹಾಕಬೇಡಿ. ಈ ಹಂತದಲ್ಲಿ 21ರಿಂದ 45 ದಿನದ ಅಂತರ ಸಹಜ. ಸ್ಕ್ಯಾನ್‌ನಲ್ಲಿ ಅಂಡಾಶಯದ ಅಂಚಿಗೆ ಮಣಿಸರದಂತೆ ಕಂಡ ಕಪ್ಪು ಚುಕ್ಕೆಗಳು ಗಡ್ಡೆಗಳಲ್ಲ, ಅಂಡಾಣು ಇರುವ ಪುಟ್ಟ ಕೋಶಗಳು. ಹರೆಯದಲ್ಲಿ ಅವು ಬೇಕಾದಷ್ಟು ಇರುತ್ತವೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹದಿಹರೆಯದವರಲ್ಲಿ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬೇಡಿ ಅಂತಲೇ ಹೇಳಿದೆ. ಈ ವಯಸ್ಸಿನಲ್ಲಿ ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನ್ ಜಾಸ್ತಿಯಾದ ಲಕ್ಷಣ, ಎರಡೂ ಇರಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನ್) ಕೂಡ ನೋಡಿರಬೇಕು. ತಾರೀಕು ಬರೆದಿಡಲು ಅವಳಿಗೊಂದು ಡೈರಿ ಕೊಡಿ. 90 ದಿನ ದಾಟಿದರೆ ಕರೆದುಕೊಂಡು ಹೋಗಿ. ಮುಂದೆ ಪಿಸಿಓಎಸ್ ಅಂತಲೇ ಆದರೂ ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಸ್ವಲ್ಪ ಔಷಧಿಯ ನೆರವು ಬೇಕಾಗುತ್ತದೆ ಅಷ್ಟೇ.

ಪ್ರಶ್ನೆ: ನಾನು ತೆಳ್ಳಗಿದ್ದೇನೆ. ನನಗೂ ಪಿಸಿಓಎಸ್ ಬರುತ್ತಾ? ಗಲ್ಲದ ಕೂದಲಿಗೆ ಮಾತ್ರೆ ತಿಂದು ಎರಡು ತಿಂಗಳಾಯಿತು, ಏನೂ ಬದಲಾವಣೆ ಇಲ್ಲ.

ಉತ್ತರ: ಬರುತ್ತದೆ. ಶುಗರ್ ಪರೀಕ್ಷೆ ನಿಮಗೂ ಬೇಕು. ಕೂದಲಿನ ವಿಷಯಕ್ಕೆ ಕನಿಷ್ಠ ಆರು ತಿಂಗಳು ಕಾಯಬೇಕು, ಎರಡು ತಿಂಗಳಿಗೆ ಬೇಸರಪಟ್ಟು ಬಿಡಬೇಡಿ. ಮಾತ್ರೆ ಸ್ಪೈರೊನೊಲ್ಯಾಕ್ಟೋನ್ (ಗಂಡು ಹಾರ್ಮೋನಿನ ಪ್ರಭಾವ ತಗ್ಗಿಸುವ ಔಷಧಿ) ಆಗಿದ್ದರೆ ಆ ಸಮಯದಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ಕೂದಲು ಕೆಲವೇ ತಿಂಗಳಲ್ಲಿ ರಭಸವಾಗಿ ಬೆಳೆದು ಧ್ವನಿಯೂ ಗಡುಸಾಗುತ್ತಿದ್ದರೆ ಅದು ಬೇರೆ ಕಾರಣ ಇರಬಹುದು, ತಕ್ಷಣ ತೋರಿಸಿ.

ಪ್ರಶ್ನೆ: 46 ವರ್ಷ. ಯೌವನದಲ್ಲೆಲ್ಲ ತಪ್ಪುತ್ತಿದ್ದ ಮುಟ್ಟು ಈಗ ತಾನಾಗಿಯೇ ಸರಿಯಾಗಿದೆ. ಪಿಸಿಓಎಸ್ ವಾಸಿಯಾಯಿತು ಅಲ್ವಾ?

ಉತ್ತರ: ಹಾಗಲ್ಲ. ವಯಸ್ಸಾದಂತೆ ಅಂಡಾಶಯದ ಆ ಪುಟ್ಟ ಕೋಶಗಳು ಕಡಿಮೆಯಾಗುತ್ತವೆ, ಅದರಿಂದ ಹಲವರಲ್ಲಿ ಮುಟ್ಟು ಹದಕ್ಕೆ ಬರುತ್ತದೆ. ಇನ್ಸುಲಿನ್ ತೊಂದರೆ ಮಾತ್ರ ಜೊತೆಗೇ ಇರುತ್ತದೆ, ಶುಗರ್, ಬಿಪಿ, ಹೃದಯದ ಕಾಳಜಿ ಬೇಕಾಗುವುದು ಈಗಲೇ. ಮುಟ್ಟು ಪೂರ್ತಿ ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ತೊಟ್ಟು ರಕ್ತ ಕಂಡರೂ ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಪಿಸಿಓಎಸ್ ಇತ್ತು ಅಂತ ಬಾಯಿಬಿಟ್ಟು ಹೇಳಿ, 20 ವರ್ಷದ ಹಿಂದಿನ ವಿಷಯವನ್ನು ಅವರಾಗಿ ಕೇಳದೇ ಇರಬಹುದು.