‘ಮೊದಲು ಇಂಗ್ಲಿಷ್ ಗಟ್ಟಿಯಾಗಲಿ, ತುಳು ಆಮೇಲೆ ಕಲಿಸೋಣ’ ಅನ್ನುವುದು ಸರಿನಾ?

ಇಬ್ಬರೂ ತುಳುವರು, ಬೆಂಗಳೂರಲ್ಲಿ ಮನೆ, ಮೂರು ವರ್ಷದ ಮಗ. ಇಂಗ್ಲಿಷ್, ಕನ್ನಡ ಮೊದಲು ಬರಲಿ, ದೊಡ್ಡವನಾದ ಮೇಲೆ ಲಿಪಿ ಸಮೇತ ತುಳು ಕಲಿಸ್ತೀವಿ, ಅಷ್ಟರಲ್ಲಿ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೂ, ಸೇರಬಹುದು ಅಂದಿದ್ದೀರಿ. ಬೇಡ, ಹಾಗೆ ಮಾಡಬೇಡಿ. ನಮ್ಮ ಮನೆಯಲ್ಲಿ ಆ ‘ಆಮೇಲೆ’ ಬರಲೇ ಇಲ್ಲ.

ನಾನು ಕಾರ್ಕಳದ ಕಡೆಯವಳು, ನನ್ನ ಗಂಡ ಪುತ್ತೂರಿನವರು. ಮಗಳು ಮಾತು ಶುರು ಮಾಡಿದ್ದೇ ತುಳುವಿನಲ್ಲಿ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ‘ಎಂಕ್ ಪೇರ್ ಬೋಡು’ ಅಂತ ಹಾಲು ಕೇಳುತ್ತಿದ್ದಳು. ಪ್ಲೇಸ್ಕೂಲಿಗೆ ಹಾಕಿದ ಮೇಲೆ ಅಲ್ಲಿನ ಟೀಚರ್ ಕರೆದು, ಮಗು ಮೂರು ಭಾಷೆ ಬೆರೆಸಿ ಮಾತಾಡ್ತಾಳೆ, ಗೊಂದಲ ಆಗ್ತಿದೆ, ಮನೆಯಲ್ಲಿ ಇಂಗ್ಲಿಷ್ ಬಳಸಿ, ಆಗದಿದ್ದರೆ ಕನ್ನಡವಾದರೂ ಪರವಾಗಿಲ್ಲ ಅಂದರು. ನಾವು ಮರುಮಾತಾಡದೆ ಒಪ್ಪಿಕೊಂಡೆವು. ಮಕ್ಕಳು ಭಾಷೆ ಬೆರೆಸುವುದು ಕಲಿಯುವಾಗ ನಡೆಯುವ ಸಹಜ ವಿಷಯ, ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ ಅನ್ನುವುದು ನಮಗೆ ಗೊತ್ತಿರಲಿಲ್ಲ. ನಿಮ್ಮ ಮಗನ ಮಾತು ನಿಜವಾಗಿಯೂ ತಡವಾಗಿದೆ ಅನ್ನಿಸಿದರೆ ಕಿವಿ ಪರೀಕ್ಷೆ ಮಾಡಿಸಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿ. ಮನೆಮಾತು ಬಿಡುವುದು ಅದಕ್ಕೆ ಮದ್ದಲ್ಲ.

ಆದರೆ ನಮ್ಮ ದೊಡ್ಡ ತಪ್ಪು ಇದಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಬೇರೆಯವರ ಮನೆಯಲ್ಲೂ ಇದೇ ನಡೆಯುತ್ತಿದೆ, ಯಾರೂ ಗಮನಿಸ್ತಿಲ್ಲ. ಮಗಳ ಜೊತೆ ಕನ್ನಡ, ಇಂಗ್ಲಿಷ್ ಶುರುವಾಯಿತು, ನಾವಿಬ್ಬರು ಮಾತ್ರ ನಮ್ಮನಮ್ಮಲ್ಲಿ ತುಳುವಿನಲ್ಲೇ ಮಾತಾಡುತ್ತಿದ್ದೆವು. ಅವಳ ಕಿವಿಗೆ ಬೀಳುತ್ತಲೇ ಇರುತ್ತೆ, ತಾನಾಗಿ ಬರುತ್ತೆ ಅಂದುಕೊಂಡಿದ್ದೆವು. ಹೋಗ್ತಾ ಹೋಗ್ತಾ ಆಗಿದ್ದೇ ಬೇರೆ. ದಿನದ ಮಾತೆಲ್ಲ ಅವಳೆದುರಿಗೇ ಆಗುವುದರಿಂದ ಅದೂ ಕನ್ನಡಕ್ಕೆ ಬಂತು. ತುಳುವಿಗೆ ಉಳಿದದ್ದು ಅವಳಿಗೆ ಗೊತ್ತಾಗಬಾರದ ಮಾತು ಮಾತ್ರ. ಸಾಲದ ಕಂತು, ಯಾರದೋ ಕಾಯಿಲೆ, ಮನೆ ಓನರ್ ಜೊತೆಗಿನ ಜಗಳ, ಅವಳ ಹುಟ್ಟುಹಬ್ಬಕ್ಕೆ ಏನು ತರೋದು ಅನ್ನುವ ಗುಟ್ಟು, ನಮ್ಮಿಬ್ಬರ ಮುನಿಸು. ಅವಳು ಕೋಣೆಗೆ ಬಂದರೆ ನಾವು ತುಳುವಿಗೆ ಹೊರಳುತ್ತಿದ್ದೆವು. ಹೀಗೆ ವರ್ಷಗಟ್ಟಲೆ ನಡೆದರೆ ಮಗು ಏನು ತಿಳಿದುಕೊಳ್ಳುತ್ತೆ ಹೇಳಿ? ತುಳು ಶುರುವಾದರೆ ತಾನು ಎದ್ದು ಹೋಗಬೇಕು ಅಂತ. ಅವಳು ನಿಜವಾಗಿ ಎದ್ದು ಹೋಗುತ್ತಿದ್ದಳು. ಹೈಸ್ಕೂಲಿಗೆ ಬಂದಾಗ ಒಮ್ಮೆ ನಾನು ಅವಳನ್ನು ತುಳುವಿನಲ್ಲಿ ಏನೋ ಕೇಳಿದೆ. ‘ನನ್ ಜೊತೆ ಯಾಕೆ ಅದ್ರಲ್ಲಿ ಮಾತಾಡ್ತೀಯ, ಏನಾಯ್ತು?’ ಅಂತ ಗಾಬರಿಯಾಗಿ ಕೇಳಿದಳು. ಏನೋ ಕೆಟ್ಟ ಸುದ್ದಿ ಇದೆ ಅಂದುಕೊಂಡಿದ್ದಳು.

ಇದರ ಬೆಲೆ ತೆತ್ತದ್ದು ನನ್ನ ಅಮ್ಮ. ಕರಾವಳಿಯ ತುಂಬಾ ತುಳುವರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಅಮ್ಮನ ಕನ್ನಡವೂ ಪಾಠಪುಸ್ತಕದ್ದು, ‘ನೀನು ಊಟ ಮಾಡಿದೆಯಾ? ಯಾಕೆ ಅಳುತ್ತೀ?’ ಅನ್ನುವಂಥದ್ದು. ಊರಲ್ಲಿ ಅಣ್ಣನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತ್ತಲಾಗುವವರೆಗೂ ಕಥೆ ಹೇಳುತ್ತಿದ್ದವರು ನಮ್ಮ ಮನೆಗೆ ಬಂದಾಗ ಮಗಳಿಗೆ ಅದೇ ಕಥೆ ಕನ್ನಡದಲ್ಲಿ ಹೇಳಲು ಹೊರಡುತ್ತಿದ್ದರು. ನಡುವೆ ಮಾತು ಸಿಗದೆ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ‘ಹಾಗೆ ಆಯಿತು’ ಅಂತ ಮುಗಿಸಿಬಿಡುತ್ತಿದ್ದರು. ನೇಜಿ (ಭತ್ತದ ಸಸಿ) ನೆಡುವಾಗ ಪಾಡ್ದನ, ಅಂದರೆ ತುಳುವಿನ ಕಥನ ಹಾಡು, ಹೇಳುತ್ತಿದ್ದ ಹೆಂಗಸು ಅವರು. ನಮ್ಮ ಗದ್ದೆ ಅಡಿಕೆ ತೋಟವಾದ ಮೇಲೆ ಆ ಹಾಡಿಗೆ ಹೊಲದಲ್ಲಿ ಜಾಗವಿರಲಿಲ್ಲ, ಮನೆಯಲ್ಲಾದರೂ ಇರಬಹುದಿತ್ತು. ಅಮ್ಮ ಈಗ ಇಲ್ಲ. ಮಗಳು ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡ ಹಾಡು ಒಂದಿಷ್ಟಿದೆ, ಅರ್ಥ ಕೇಳಿದರೆ ಕೆಲವು ಸಾಲು ನನಗೂ ಗೊತ್ತಾಗಲ್ಲ.

ಇನ್ನು ನಿಮ್ಮ ಪ್ಲಾನಿನ ಬಗ್ಗೆ. ಎಂಟನೇ ಪರಿಚ್ಛೇದಕ್ಕೆ ಕಾಯುವುದೇ ತಪ್ಪು ಲೆಕ್ಕ. ತುಳು ಅದರಲ್ಲಿ ಬರಲಿ ಅಂತ ನಾನೂ ಸಹಿ ಹಾಕಿದ್ದೀನಿ, ಇನ್ನೂ ಹಾಕ್ತೀನಿ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು ಹದಿನೆಂಟು ಲಕ್ಷಕ್ಕೂ ಜಾಸ್ತಿ, ಆದರೂ 22 ಭಾಷೆಗಳ ಪಟ್ಟಿಯಲ್ಲಿ ಜಾಗ ಇಲ್ಲ ಅನ್ನುವುದು ಅನ್ಯಾಯವೇ. ಸಿಕ್ಕರೆ ಐಎಎಸ್ ಪರೀಕ್ಷೆಯಲ್ಲಿ ತುಳು ಸಾಹಿತ್ಯ ಆರಿಸಿಕೊಳ್ಳುವಂಥ ಅನುಕೂಲ ಬರುತ್ತೆ. ಆದರೆ ಪಟ್ಟಿಯಿಂದ ಮಗು ಮಾತಾಡಲ್ಲ. ಸಂಸ್ಕೃತ ಮೊದಲಿಂದಲೂ ಪಟ್ಟಿಯಲ್ಲಿದೆ, ಅದೇ ಜನಗಣತಿಯಲ್ಲಿ ಅದನ್ನು ಮಾತೃಭಾಷೆ ಅಂದವರು 24,821 ಜನ. ಕೊಂಕಣಿ 1992ರಲ್ಲೇ ಸೇರಿದೆ. ನಮ್ಮ ಅಪಾರ್ಟ್‌ಮೆಂಟಿನ ಕೊಂಕಣಿ ಮನೆಯ ಮಕ್ಕಳು ಅಜ್ಜನ ಜೊತೆ ಇಂಗ್ಲಿಷ್ ಮಾತಾಡ್ತಾರೆ.

ಶಾಲೆಯಲ್ಲಿ ತುಳು ಬಂದೇ ಬಹಳ ವರ್ಷ ಆಯಿತು. ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಲ್ಲಿ ಬೇಕಾದವರು ಅದನ್ನು ಮೂರನೇ ಭಾಷೆಯಾಗಿ ತೆಗೆದುಕೊಳ್ಳಬಹುದು. ಒಳ್ಳೆಯದೇ. ಆದರೆ ನಿಮ್ಮ ಮಗ ಇರುವುದು ಬೆಂಗಳೂರಲ್ಲಿ. ಲಿಪಿಯೂ ಹಾಗೆ. 2024ರಲ್ಲಿ ತುಳು ತಿಗಳಾರಿ ಲಿಪಿ ಕಂಪ್ಯೂಟರ್, ಫೋನುಗಳು ಬಳಸುವ ಯೂನಿಕೋಡ್ ಅಕ್ಷರಪಟ್ಟಿಗೆ ಸೇರಿದಾಗ ನಾನೂ ಕುಣಿದಾಡಿದ್ದೆ. ಕಲಿಯಲಿ, ಚೆನ್ನಾಗಿರುತ್ತೆ. ಆದರೆ ಮಾತೇ ಬರದ ಮಗುವಿಗೆ ಅಕ್ಷರದ ಕ್ಲಾಸ್ ಯಾಕೆ? ತುಳುವನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕುವುದು ಹತ್ತೊಂಬತ್ತನೇ ಶತಮಾನದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ನಡೆದುಬಂದಿದೆ, ಓದುವುದಕ್ಕೆ ಅದೇ ಸಾಕು.

ತುಳು ಹೆಚ್ಚಾದರೆ ಕನ್ನಡ ಹಿಂದೆ ಬೀಳುತ್ತೆ ಅನ್ನುವ ಹೆದರಿಕೆ ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದ್ದು ತಮಿಳು, ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಇವರಲ್ಲಿ ಯಾರ ಕನ್ನಡ ಹಿಂದೆ ಬಿತ್ತು? ಮಂಗಳೂರಿನ ಮೀನು ಮಾರ್ಕೆಟ್ಟಿನಲ್ಲಿ ಒಂದು ಬುಟ್ಟಿ ಬೂತಾಯಿ ಖಾಲಿಯಾಗುವಷ್ಟರಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಬಂದು ಹೋಗುತ್ತವೆ, ಯಾರಿಗೂ ತಲೆ ಕೆಟ್ಟಿಲ್ಲ. ಇಂಗ್ಲಿಷ್ ಶಾಲೆ ಕಲಿಸುತ್ತೆ, ಕನ್ನಡ ಬೀದಿ, ಶಾಲೆ ಎರಡೂ ಕಲಿಸುತ್ತವೆ. ತುಳುವಿಗೆ ಬೆಂಗಳೂರಲ್ಲಿ ಇರುವುದು ನೀವಿಬ್ಬರೇ.

ಹಾಗಾಗಿ ಈಗಲೇ, ಇವತ್ತಿನ ಊಟದಿಂದಲೇ ಶುರು ಮಾಡಿ. ಅವನು ಕನ್ನಡದಲ್ಲಿ ಉತ್ತರ ಕೊಟ್ಟರೂ ನೀವು ತುಳುವಿನಲ್ಲೇ ಮುಂದುವರಿಸಿ, ‘ತುಳುಟು ಪಾತೆರ್ಲ’ (ತುಳುವಿನಲ್ಲಿ ಮಾತಾಡು) ಅಂತ ಗದರಬೇಡಿ. ಒಳ್ಳೆಯ ಮಾತಿಗೆ ತುಳು ಬಳಸಿ: ಮುದ್ದು ಮಾಡೋದು, ತಿಂಡಿ ಕೊಡೋದು, ಟೂರ್ ಪ್ಲಾನ್, ಅವನಿಗೆ ಖುಷಿಯಾಗುವ ಸುದ್ದಿ ಎಲ್ಲ ತುಳುವಿನಲ್ಲಿ ಇರಲಿ. ಗುಟ್ಟಿನ ಮಾತಿದ್ದರೆ ಪಕ್ಕದ ರೂಮಿಗೆ ಹೋಗಿ ಆಡಿ, ಅಥವಾ ವಾಟ್ಸಾಪ್ ಮಾಡಿ.

ಇನ್ನೊಂದು, ನೆಂಟರಿಗೆ ಮೊದಲೇ ಹೇಳಿಡಿ. ನನ್ನ ಮಗಳು ಕಾಲೇಜಿಗೆ ಹೋದ ಮೇಲೆ ತಾನೇ ಆಸೆಪಟ್ಟು ತುಳು ಶುರು ಮಾಡಿದಳು. ಒಂದು ಮದುವೆಯಲ್ಲಿ ಹಿರಿಯ ಮಾವನಿಗೆ ‘ಈರ್’ ಅನ್ನುವ ಬದಲು ‘ಈ’ ಅಂತ ಏಕವಚನ ಬಳಸಿಬಿಟ್ಟಳು. ಇಡೀ ಪಂಕ್ತಿ ನಕ್ಕಿತು. ಅವರೇನೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ಆದರೆ ಅವಳು ಎಲೆ ಎತ್ತುವವರೆಗೆ ಬಾಯಿ ಬಿಡಲಿಲ್ಲ, ಆಮೇಲೂ ತುಂಬಾ ದಿನ ಬಿಡಲಿಲ್ಲ. ನಮ್ಮವರು ‘ಈಗಿನ ಮಕ್ಕಳಿಗೆ ತುಳು ಬರಲ್ಲ’ ಅಂತ ಕೊರಗುವವರು, ಮಕ್ಕಳು ಮಾತಾಡಿದರೆ ನಗುವವರೂ ಅವರೇ. ಈಗ ಯಾರಾದರೂ ನಕ್ಕರೆ ನಾನು ಅಲ್ಲೇ ಹೇಳ್ತೀನಿ, ಮುಲಾಜಿಲ್ಲ.

ಅಜ್ಜ, ಅಜ್ಜಿ ಬೆಳ್ತಂಗಡಿಯಲ್ಲಿ ಇದ್ದಾರೆ ಅಂದಿದ್ದೀರಲ್ಲ, ಬೇಸಿಗೆ ರಜೆಗೆ ಸಮ್ಮರ್ ಕ್ಯಾಂಪಿಗೆ ದುಡ್ಡು ಕಟ್ಟಬೇಡಿ. ಅಲ್ಲಿಗೆ ಕರೆದುಕೊಂಡು ಹೋಗಿ, ಸ್ವಲ್ಪ ದೊಡ್ಡವನಾದ ಮೇಲೆ ಒಬ್ಬನನ್ನೇ ಬಿಟ್ಟು ಬನ್ನಿ. ಅಕ್ಕಪಕ್ಕದ ಮಕ್ಕಳು ಆಟಕ್ಕೆ ಕರೆಯಲಿ. ಅಜ್ಜಿಗೆ ಮಾತ್ರ ‘ಅವನಿಗೆ ಅರ್ಥ ಆಗಲ್ಲ, ಕನ್ನಡದಲ್ಲಿ ಹೇಳಿ’ ಅಂತ ಯಾವತ್ತೂ ಹೇಳಬೇಡಿ. ನನ್ನ ಅಮ್ಮನಿಗೆ ನಾನು ಹೇಳಿದ್ದು ಅದನ್ನೇ.