ಸುದ್ದಿ ದಿನಾ ಓದುತ್ತೇನೆ, ರಾಜಕೀಯ ಮಾತ್ರ ಅರ್ಥವಾಗುತ್ತಿಲ್ಲ

ಪ್ರಶ್ನೆ: ನನಗೆ 22 ವರ್ಷ. ಬಿಎಸ್‌ಸಿ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ಹೈಸ್ಕೂಲಿನ ಸಮಾಜ ವಿಜ್ಞಾನ ಬಿಟ್ಟರೆ ರಾಜಕೀಯದ ಬಗ್ಗೆ ಏನನ್ನೂ ಓದಿದವಳಲ್ಲ. ದಿನಾ ಮೊಬೈಲಿನಲ್ಲಿ ಸುದ್ದಿ ನೋಡುತ್ತೇನೆ, ಆದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಸಹೋದ್ಯೋಗಿಗಳು ಮಸೂದೆ, ರಾಜ್ಯಪಾಲರು, ಅನುದಾನ ಎಂದೆಲ್ಲ ಮಾತಿಗಿಳಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಾನಾಗಿಯೇ ಕಲಿಯಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಸುದ್ದಿ ತಲೆಯಲ್ಲಿ ನಿಲ್ಲದಿರುವುದು ನಿಮ್ಮ ಬುದ್ಧಿಯ ಕೊರತೆಯಲ್ಲ. ವರದಿಗಾರರು ನಿನ್ನೆಯವರೆಗಿನ ಕಥೆ ಓದುಗರಿಗೆ ಗೊತ್ತಿದೆ ಎಂದುಕೊಂಡೇ ಇವತ್ತಿನದನ್ನು ಬರೆಯುತ್ತಾರೆ. ನೀವು ಧಾರಾವಾಹಿಯೊಂದನ್ನು ಮುನ್ನೂರನೇ ಕಂತಿನಿಂದ ನೋಡುತ್ತಿದ್ದೀರಿ. ಇನ್ನಷ್ಟು ಸುದ್ದಿ ಓದಿದರೆ ಗೊಂದಲವೂ ಇನ್ನಷ್ಟೇ ಆಗುತ್ತದೆ.

ಹಾಗಾಗಿ ಎಲ್ಲವನ್ನೂ ತಿಳಿಯುವ ಹಟ ಬಿಡಿ. ನಿಮಗೆ ನಿಜವಾಗಿ ತಟ್ಟುವ ಒಂದೇ ವಿಷಯ ಹಿಡಿದು ಕೆಲವು ತಿಂಗಳು ಅದರ ಬೆನ್ನು ಬೀಳಿ. ಅದು ಪ್ರವೇಶ ಪರೀಕ್ಷೆಯಾಗಿರಲಿ, ಕುಡಿಯುವ ನೀರಾಗಿರಲಿ, ಸರ್ಕಾರಿ ನೇಮಕಾತಿಯಾಗಿರಲಿ, ಕಾರ್ಮಿಕ ಕಾನೂನಾಗಿರಲಿ. ಅದರ ಬಗ್ಗೆ ಏನೇ ಓದಿದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ತೀರ್ಮಾನ ಯಾರ ಕೈಯಲ್ಲಿದೆ? ಈ ಪ್ರಶ್ನೆ ಕೇಳುವ ಅಭ್ಯಾಸವಾದರೆ ಅರ್ಧ ರಾಜಕೀಯಶಾಸ್ತ್ರ ಬಂದಂತೆಯೇ.

ಉತ್ತರ ಹುಡುಕಲು ಸಂವಿಧಾನದ 7ನೇ ಅನುಸೂಚಿ ತೆರೆಯಿರಿ. ಸಂವಿಧಾನದ ಕನ್ನಡ ಅನುವಾದ ಸಿಗುತ್ತದೆ. ಇಡೀ ಪುಸ್ತಕ ಓದಬೇಕಿಲ್ಲ, ಈ ಕೆಲವು ಪುಟ ಸಾಕು. ಅಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆಯಂಥವು ಕೇಂದ್ರ ಪಟ್ಟಿಯಲ್ಲಿವೆ. ಪೊಲೀಸ್, ಸಾರ್ವಜನಿಕ ಆರೋಗ್ಯ, ಕೃಷಿ ರಾಜ್ಯ ಪಟ್ಟಿಯಲ್ಲಿವೆ. ಇಬ್ಬರೂ ಕಾನೂನು ಮಾಡಬಹುದಾದ ವಿಷಯಗಳು ಸಮವರ್ತಿ ಪಟ್ಟಿಯಲ್ಲಿವೆ. ನನ್ನ ಅನುಭವದಲ್ಲಿ, ಈ ಪಟ್ಟಿಗಳನ್ನು ಒಮ್ಮೆ ನಿಧಾನವಾಗಿ ಓದಿದವರು ಮುಂದೆ ಸುದ್ದಿ ಓದುವ ರೀತಿಯೇ ಬದಲಾಗುತ್ತದೆ. ತಪ್ಪಾದ ವಿಳಾಸಕ್ಕೆ ಬೈಯುವುದು ನಿಲ್ಲುತ್ತದೆ.

ನೀಟ್ ಪರೀಕ್ಷೆಯ ಜಗಳವನ್ನೇ ತೆಗೆದುಕೊಳ್ಳಿ. ವೈದ್ಯಕೀಯ ಸೀಟಿಗೆ ಯಾವ ಪರೀಕ್ಷೆ ಎಂಬ ವಿಷಯಕ್ಕೆ ರಾಜ್ಯವೊಂದು ಕೇಂದ್ರದೊಂದಿಗೆ ಯಾಕೆ ವರ್ಷಗಟ್ಟಲೆ ಗುದ್ದಾಡುತ್ತದೆ? ಮೊದಲು ಶಿಕ್ಷಣ ರಾಜ್ಯ ಪಟ್ಟಿಯಲ್ಲಿತ್ತು. 1976ರಲ್ಲಿ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ತಿಕ್ಕಾಟ ಬಂದರೆ, 254ನೇ ವಿಧಿಯ ಪ್ರಕಾರ ಕೇಂದ್ರದ್ದೇ ನಿಲ್ಲುತ್ತದೆ. ರಾಜ್ಯದ ಕಾನೂನು ಆ ರಾಜ್ಯದ ಮಟ್ಟಿಗೆ ಉಳಿಯಬೇಕಾದರೆ ರಾಷ್ಟ್ರಪತಿಯ ಅಂಕಿತ ಬೇಕು. ತಮಿಳುನಾಡು ವಿಧಾನಸಭೆ 2021ರಲ್ಲಿ ನೀಟ್‌ನಿಂದ ವಿನಾಯಿತಿ ಕೋರುವ ಮಸೂದೆ ಅಂಗೀಕರಿಸಿತು. ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು. 2022ರ ಫೆಬ್ರವರಿಯಲ್ಲಿ ವಿಧಾನಸಭೆ ಅದನ್ನೇ ಮತ್ತೆ ಅಂಗೀಕರಿಸಿತು. ನೋಡಿ, ಒಂದೇ ಜಗಳದ ಬೆನ್ನು ಹಿಡಿದರೆ ತಿದ್ದುಪಡಿ, ರಾಜ್ಯಪಾಲರ ಅಧಿಕಾರ, ರಾಷ್ಟ್ರಪತಿಯ ಅಂಕಿತ, ಕೇಂದ್ರ-ರಾಜ್ಯ ಸಂಬಂಧ ಎಲ್ಲವೂ ತಾವಾಗಿ ಬಂದವು. ಇವನ್ನೇ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದ್ದರೆ ವಾರದಲ್ಲಿ ಮರೆತುಹೋಗುತ್ತಿತ್ತು. ನೀಟ್ ಸರಿಯೋ ತಪ್ಪೋ ಎಂಬುದು ಬೇರೆಯೇ ಪ್ರಶ್ನೆ. ಅದರ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಲು ಈಗ ನಿಮಗೊಂದು ನೆಲೆ ಸಿಕ್ಕಿತು, ಅಷ್ಟೆ.

ಎರಡನೆಯ ಹೆಜ್ಜೆ, ಮೂಲ ದಾಖಲೆ ಓದುವುದು. ಹೆದರಬೇಡಿ. ಪ್ರತಿ ಮಸೂದೆಯ ಜೊತೆ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಸಾಮಾನ್ಯವಾಗಿ ಒಂದೆರಡು ಪುಟ. ಈ ಕಾನೂನು ಯಾಕೆ ಬೇಕು ಎಂದು ಸರ್ಕಾರವೇ ತನ್ನ ಮಾತಿನಲ್ಲಿ ಅಲ್ಲಿ ಹೇಳಿರುತ್ತದೆ. ಅದನ್ನು ಓದಿ, ಆಮೇಲೆ ವಿರೋಧಿಸುವವರ ವಾದ ಓದಿ. ಸಂಸತ್ತಿನ ಮಸೂದೆಗಳನ್ನು ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ ಸಂಕ್ಷಿಪ್ತವಾಗಿ ವಿವರಿಸುತ್ತದೆ, ಯಾವ ಕಲಮಿನ ಬಗ್ಗೆ ಯಾವ ಪ್ರಶ್ನೆ ಏಳುತ್ತದೆ ಎಂಬುದನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿದ್ದರೂ ಭಾಷೆ ಸರಳ. ಬಿಡುವಿದ್ದಾಗ ಸದನದ ಪ್ರಶ್ನೋತ್ತರ ಕಲಾಪ ನೋಡಿ. ಟಿವಿ ಚರ್ಚೆಯ ಕೂಗಾಟಕ್ಕಿಂತ ಅಲ್ಲಿ ಸಚಿವರು ಲಿಖಿತವಾಗಿ ಕೊಡುವ ಉತ್ತರದಲ್ಲಿ ಹೆಚ್ಚು ವಿಷಯವಿರುತ್ತದೆ.

ಅನುದಾನದ ಮಾತು ಬಂದಿದ್ದರಿಂದ ಬಜೆಟ್ ಬಗ್ಗೆಯೂ ಹೇಳುತ್ತೇನೆ. ಇಲ್ಲಿ ಯುವಕರು ಸುಲಭವಾಗಿ ಮೋಸಹೋಗುವುದನ್ನು ಕಂಡು ನನಗೆ ಬೇಸರವಾಗುತ್ತದೆ. ಬಜೆಟ್ ಪುಸ್ತಕದಲ್ಲಿ ಒಂದೊಂದು ಬಾಬ್ತಿನ ಎದುರೂ ಒಂದಲ್ಲ, ನಾಲ್ಕು ಅಂಕಿಗಳಿರುತ್ತವೆ: ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದದ್ದು, ಕಳೆದ ಬಜೆಟ್ಟಿನಲ್ಲಿ ಘೋಷಿಸಿದ ಅಂದಾಜು, ಅದನ್ನೇ ವರ್ಷದ ಕೊನೆಗೆ ತಿದ್ದಿದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಉದಾಹರಣೆಗೆ, ಒಂದು ಯೋಜನೆಗೆ ಕಳೆದ ವರ್ಷ 100 ಕೋಟಿ ಘೋಷಿಸಿ, ಪರಿಷ್ಕೃತ ಅಂದಾಜಿನಲ್ಲಿ ಅದನ್ನು 70ಕ್ಕೆ ಇಳಿಸಿ, ಈ ವರ್ಷ 90 ಕೋಟಿ ಇಟ್ಟರು ಎಂದುಕೊಳ್ಳಿ. ಆಡಳಿತ ಪಕ್ಷ 70ರ ಜೊತೆ ಹೋಲಿಸಿ ‘ಸುಮಾರು ಶೇ 29ರಷ್ಟು ಹೆಚ್ಚಳ’ ಎನ್ನುತ್ತದೆ. ವಿರೋಧ ಪಕ್ಷ 100ರ ಜೊತೆ ಹೋಲಿಸಿ ‘ಶೇ 10ರಷ್ಟು ಕಡಿತ’ ಎನ್ನುತ್ತದೆ. ಇಬ್ಬರ ಲೆಕ್ಕವೂ ಸರಿ. ಯಾವ ಅಂಕಿಯನ್ನು ಯಾವುದರ ಜೊತೆ ಹೋಲಿಸಿದರು ಎಂದು ಕೇಳದವರಿಗೆ ಇಬ್ಬರೂ ಸುಳ್ಳು ಹೇಳಿದಂತೆ ಕಾಣುತ್ತದೆ, ಇಲ್ಲವೇ ತಮಗಿಷ್ಟವಾದವರು ಮಾತ್ರ ನಿಜ ಹೇಳಿದಂತೆ. ಮುಂದಿನ ಬಜೆಟ್ ಬಂದಾಗ ನೀವು ಹಿಡಿದ ವಿಷಯದ ಇಲಾಖೆಯ ಒಂದು ಪುಟವನ್ನಷ್ಟೇ ತೆರೆದು ಈ ನಾಲ್ಕು ಅಂಕಣ ನೋಡಿ.

ಪ್ರಶ್ನೆ: ನಾನು ಪದವಿ ಕೊನೆಯ ವರ್ಷದ ವಿದ್ಯಾರ್ಥಿ. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಎಲ್ಲರೂ ಒಂದೇ ಪಕ್ಷದ ಕಟ್ಟಾ ಬೆಂಬಲಿಗರು. ಕಾಲೇಜಿನ ಗೆಳೆಯರು ಇನ್ನೊಂದು ಕಡೆ. ಎರಡೂ ಕಡೆಯವರ ಮಾತು ಕೇಳುವಾಗ ಸರಿ ಅನ್ನಿಸುತ್ತದೆ. ಚಾನೆಲ್ ನೋಡಿದರೆ ಒಂದೊಂದರಲ್ಲಿ ಒಂದೊಂದು ಥರ. ಯಾರನ್ನು ನಂಬಲಿ? ನನ್ನದೇ ಅಭಿಪ್ರಾಯ ಅಂತ ಒಂದು ಬೆಳೆಯುವುದು ಹೇಗೆ?

ಉತ್ತರ: ಎರಡೂ ಸರಿ ಅನ್ನಿಸುವುದು ಒಳ್ಳೆಯ ಲಕ್ಷಣ. ಇನ್ನೂ ಕೇಳಿಸಿಕೊಳ್ಳುತ್ತಿದ್ದೀರಿ ಎಂದರ್ಥ. ಪಕ್ಷ ಆರಿಸಿಕೊಳ್ಳಲು ಆತುರ ಬೇಡ; ಮತದಾನದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರೂ ನಿಮ್ಮಿಂದ ತೀರ್ಪು ಕೇಳುವ ಹಕ್ಕು ಹೊಂದಿಲ್ಲ, ಅವತ್ತೂ ಅದು ಗುಪ್ತ.

ಒಂದು ಮಾತು ಕೇಳಿದಾಗ ಅದನ್ನು ಮೂರು ಭಾಗ ಮಾಡಿ ನೋಡುವುದನ್ನು ರೂಢಿಸಿಕೊಳ್ಳಿ: ಏನು ನಡೆಯಿತು, ಯಾಕೆ ನಡೆಯಿತು, ಅದು ಒಳ್ಳೆಯದೋ ಕೆಟ್ಟದ್ದೋ. ಮೊದಲನೆಯದನ್ನು ದಾಖಲೆಯಿಂದ ಪರೀಕ್ಷಿಸಬಹುದು. ಎರಡನೆಯದರಲ್ಲಿ ತಿಳಿದವರೇ ಭಿನ್ನವಾಗಿ ಯೋಚಿಸುತ್ತಾರೆ. ಮೂರನೆಯದು ಅವರವರ ಮೌಲ್ಯಕ್ಕೆ ಸೇರಿದ್ದು. ಹೆಚ್ಚಿನ ಚಾನೆಲ್ ಚರ್ಚೆಗಳಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಕರ್ನಾಟಕದ ಎರಡು ವಿಧಾನಸಭಾ ಚುನಾವಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36ರಷ್ಟು ಮತ, 104 ಸ್ಥಾನ. ಕಾಂಗ್ರೆಸ್‌ಗೆ ಸುಮಾರು ಶೇ 38, ಅಂದರೆ ಮತ ಹೆಚ್ಚು, ಆದರೂ ಸ್ಥಾನ ಕಡಿಮೆ. 2023ರಲ್ಲಿ ಬಿಜೆಪಿಯ ಮತ ಪ್ರಮಾಣ ಹೆಚ್ಚುಕಡಿಮೆ ಶೇ 36ರಲ್ಲೇ ಇತ್ತು, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್ ಸುಮಾರು ಶೇ 43 ಮತ ಪಡೆದು 135 ಸ್ಥಾನ ಗೆದ್ದಿತು. ಜೆಡಿಎಸ್‌ನ ಪಾಲು ಸುಮಾರು ಶೇ 18ರಿಂದ 13ರ ಆಸುಪಾಸಿಗೆ ಬಂತು. ಈಗ ‘ಜನ ಬಿಜೆಪಿಯನ್ನು ಸಾರಾಸಗಟಾಗಿ ತಿರಸ್ಕರಿಸಿದರು’ ಎಂಬ ಮಾತನ್ನೂ ‘ನಮ್ಮ ಮತ ಕದಲಿಲ್ಲ, ಹಾಗಾಗಿ ನಾವು ಸೋತೇ ಇಲ್ಲ’ ಎಂಬ ಮಾತನ್ನೂ ಈ ಅಂಕಿಗಳ ಮುಂದಿಡಿ. ಎರಡೂ ಪೂರ್ತಿ ನಿಲ್ಲುವುದಿಲ್ಲ. ಕ್ಷೇತ್ರದಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರೂ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ಉಳಿದ ಮತಗಳು ಎದುರಾಳಿಗಳ ನಡುವೆ ಹೇಗೆ ಹಂಚಿಹೋದವು ಎಂಬುದು ಸ್ಥಾನಗಳನ್ನು ತೀರ್ಮಾನಿಸುತ್ತದೆ. ಚುನಾವಣಾ ಆಯೋಗದ ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಕ್ಷೇತ್ರವನ್ನೇ ಹುಡುಕಿ, ಎರಡೂ ವರ್ಷ ಮೊದಲ ಮೂವರಿಗೆ ಬಂದ ಮತ ಬರೆದುಕೊಳ್ಳಿ. ಅಪ್ಪನ ಜೊತೆ ಮಾತಾಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಅಪ್ಪನನ್ನು ಸೋಲಿಸಬೇಕೆಂದು ಮಾತಿಗೆ ಕೂರಬೇಡಿ. ಅವರು ಆ ಪಕ್ಷದ ಕಡೆ ಯಾವಾಗ ಒಲಿದರು, ಅವತ್ತು ಏನಾಗಿತ್ತು ಎಂದು ಕೇಳಿ. ಹಿರಿಯರ ನಿಷ್ಠೆಯ ಹಿಂದೆ ಸಾಮಾನ್ಯವಾಗಿ ಒಂದು ಚರಿತ್ರೆ ಇರುತ್ತದೆ: ತುರ್ತುಪರಿಸ್ಥಿತಿಯ ಕಾಲ, ಭೂಸುಧಾರಣೆಯಿಂದ ಬಂದ ಜಮೀನು ಅಥವಾ ಹೋದ ಜಮೀನು, ಹಿಂದುಳಿದ ವರ್ಗಗಳ ಮೀಸಲಾತಿ ಕುರಿತ ಮಂಡಲ್ ವರದಿಯ ದಿನಗಳು. ಆ ಉತ್ತರದಿಂದ ನೀವು ಕಲಿಯುವುದು ಬಹಳ. ಒಪ್ಪಲೇಬೇಕೆಂದೇನಿಲ್ಲ.

ಹಳೆಯದನ್ನು ಅಷ್ಟಿಷ್ಟು ತಿಳಿದಿರುವುದು ಇವತ್ತಿನ ಸುದ್ದಿಗೆ ನೇರವಾಗಿ ಬೇಕಾಗುತ್ತದೆ. ಯಾವುದೇ ರಾಜ್ಯದ ಸರ್ಕಾರ ಅಲುಗಾಡಿದಾಗ ‘ಬಹುಮತ ಸದನದಲ್ಲೇ ಸಾಬೀತಾಗಲಿ’ ಎನ್ನುತ್ತಾರಲ್ಲ, ಆ ತತ್ವಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ನಮ್ಮ ರಾಜ್ಯದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ರಾಜ್ಯಪಾಲರ ವರದಿಯ ಮೇಲೆ, ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂದು ಹೇಳಿತು. ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ 356ನೇ ವಿಧಿಯ ಬಳಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದೂ ಹೇಳಿತು. ಈ ತೀರ್ಪು ಇಂದು ಒಂದು ಪಕ್ಷಕ್ಕೆ ಆಸರೆಯಾದರೆ ನಾಳೆ ಇನ್ನೊಂದಕ್ಕೆ ಆಗುತ್ತದೆ. ನಿಮ್ಮ ಅಭಿಪ್ರಾಯವನ್ನು ಪರೀಕ್ಷಿಸಿಕೊಳ್ಳುವ ದಾರಿಯೂ ಇದೇ. ರಾಜ್ಯಪಾಲರು ಮಾಡಿದ್ದು ಸರಿ ಅನ್ನಿಸಿತೇ? ನಿಮಗೆ ಇಷ್ಟವಿಲ್ಲದ ಪಕ್ಷ ದೆಹಲಿಯಲ್ಲಿದ್ದು, ಅದೇ ಕೆಲಸ ನಡೆದಿದ್ದರೂ ಸರಿ ಅನ್ನುತ್ತಿದ್ದಿರಾ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡ ಮೇಲೆ ಉಳಿಯುವುದೇ ನಿಮ್ಮ ಸ್ವಂತ ಅಭಿಪ್ರಾಯ. ಅದನ್ನು ನಾಲ್ಕು ಸಾಲಲ್ಲಿ ದಿನಾಂಕ ಹಾಕಿ ಬರೆದಿಡಿ. ವರ್ಷ ಕಳೆದು ಬದಲಾದರೆ ಯಾಕೆ ಬದಲಾಯಿತೆಂದು ಗೊತ್ತಾಗುತ್ತದೆ.

ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ಸುದ್ದಿ ಓದಬೇಕು? ಓದಿದಷ್ಟೂ ಮನಸ್ಸು ಕುಗ್ಗುತ್ತದೆ.

ಉತ್ತರ: ಒಂದು ಪತ್ರಿಕೆಗೆ ಅರ್ಧ ಗಂಟೆ ಸಾಕು. ಮೊಬೈಲಿನ ಸುದ್ದಿ ಸೂಚನೆಗಳನ್ನು ಇವತ್ತೇ ಬಂದ್ ಮಾಡಿ. ‘ಬ್ರೇಕಿಂಗ್’ ಎಂದು ಬಂದದ್ದರಲ್ಲಿ ನಾಳೆ ಬೆಳಿಗ್ಗೆಗೆ ಉಳಿಯುವುದು ಸ್ವಲ್ಪವೇ. ವಾರಕ್ಕೊಮ್ಮೆ ಒಂದು ದೀರ್ಘ ವಿಶ್ಲೇಷಣೆ ಓದಿ.

ಮನಸ್ಸು ಕುಗ್ಗುವುದು ಹೆಚ್ಚಾಗಿ ನಮ್ಮ ಕೈಗೆ ಎಟುಕದ್ದನ್ನೇ ಓದುತ್ತಿರುವಾಗ. ಆಗ ಹತ್ತಿರದ ಆಡಳಿತದತ್ತ ತಿರುಗಿ. ಹಳ್ಳಿಯಲ್ಲಿದ್ದರೆ ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಿ, ನಗರದಲ್ಲಿದ್ದರೆ ವಾರ್ಡಿನ ಕಾಮಗಾರಿಗಳ ಪಟ್ಟಿ ಕೇಳಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ‘ರಸ್ತೆ ಯಾಕೆ ಹೀಗಿದೆ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇಂಥ ರಸ್ತೆಯ ಕಾಮಗಾರಿ ಆದೇಶ, ಅಂದಾಜು ಪಟ್ಟಿ, ಪಾವತಿಸಿದ ಬಿಲ್ಲುಗಳ ಪ್ರತಿ ಕೊಡಿ ಎಂದು ದಾಖಲೆಯ ಹೆಸರು ಹೇಳಿ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಲು ಮತ್ತೆ 30 ದಿನ ಅವಕಾಶವಿದೆ, ಅದಕ್ಕಾಗಿ ಅರ್ಜಿಯ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ.